ಕಂಬಳಿ ಹೋದ ದಾರಿ

ತುಪ್ಪಣ್ಣ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಒಂದು ಮಂಗಳವಾರ ಬೆಳಿಗ್ಗೆ, ದನದ ದವಾಖಾನೆಯ ಮೂರನೆಯ ಮೆಟ್ಟಿಲ ಮೇಲೆ. ನನ್ನ ಕೈಯಲ್ಲಿ ಒಂದು ಸ್ಟೀಲು ಡಬ್ಬಿ ಇತ್ತು. ಅದರಲ್ಲಿ ನನ್ನ ಹೆಂಡತಿ ಮಾಳವ್ವ ಮಜ್ಜಿಗೆ ಹಾಕಿ ಕಿವುಚಿ ಕೊಟ್ಟ ಅನ್ನ. ಹಿಂದಿನ ಸಂಜೆ ಅವನು ಎರಡು ಗುಟುಕು ನೀರು ಕುಡಿದಿದ್ದ. ಇವತ್ತು ಅನ್ನ ತಿಂದಾನು ಎಂದು ನಮ್ಮಿಬ್ಬರ ಆಸೆ.

ಡಾಕ್ಟರ್ ರುಬೀನಾ ನದಾಫ ಬಾಗಿಲಿಗೆ ಬಂದಳು. ನನ್ನ ಕೈಕೆಳಗೆ ನಾಲ್ಕನೆಯ ಇಯತ್ತೆ ಕಲಿತ ಹುಡುಗಿ ಅವಳು. ಈಗ ಕೂದಲು ಅಲ್ಲಲ್ಲಿ ಬೆಳ್ಳಗಾಗಿದೆ. ಡಬ್ಬಿಯನ್ನು ನೋಡಿದಳು, ನನ್ನ ಮುಖ ನೋಡಲಿಲ್ಲ.

“ಡಬ್ಬಿ ಇಲ್ಲಿ ಕೊಡ್ರಿ ಸರ್.”

“ತಿಂತಾನೇನು?”

“ಇಲ್ರಿ ಸರ್. ಐದೂವರಿಗೆ ಹೋದ. ನಾನ ಬಾಜೂಕ ಕುಂತಿದ್ದೆ. ತ್ರಾಸು ಮಾಡ್ಕೊಳ್ಳಲಿಲ್ಲ.”

ತುಪ್ಪಣ್ಣ ನಮ್ಮ ಮನೆಯ ನಾಯಿ. ಕಾಸಿದ ತುಪ್ಪದ ಬಣ್ಣ, ಎಂಟು ವರ್ಷದ ಪ್ರಾಯ, ಸಾಧಾರಣ ಊರ ಜಾತಿ. ನಾನು ಎಪ್ಪತ್ತನಾಲ್ಕು ವರ್ಷದಲ್ಲಿ ತಂದೆ, ತಾಯಿ, ಅಣ್ಣ ಮೂವರನ್ನೂ ಕಳುಹಿಸಿದವನು. ನಾಯಿಗಾಗಿ ಮೆಟ್ಟಿಲ ಮೇಲೆ ಕುಳಿತು ಅತ್ತೆನೆಂದು ಬರೆಯಲು ನನಗೆ ನಾಚಿಕೆಯಿಲ್ಲ. ನಾವು ಮೈಲಾರಲಿಂಗನ ಒಕ್ಕಲು, ಗೊರವರ ಮನೆತನ. ಆ ಸ್ವಾಮಿಯ ದಂಡಿನಲ್ಲಿ ನಾಯಿಗಳೂ ಇದ್ದವೆಂದು ನಂಬಿ, ಮನೆಯ ನಾಯಿಗೆ ಮೊದಲು ಎಡೆ ಇಟ್ಟು ಆಮೇಲೆ ಉಣ್ಣುವವರು.

ಮನೆಗೆ ಬಂದು ಪಡಸಾಲೆಯಲ್ಲಿ ಕುಳಿತೆ. ಮಾಳವ್ವ ನನ್ನ ಬರಿಗೈ ನೋಡಿ ತಿಳಿದುಕೊಂಡಳು. ಆಗ ಮೂಲೆಯಲ್ಲಿ, ಅವನ ಗೋಣಿಚೀಲದ ಹತ್ತಿರ, ಅವನು ಮಲಗಿದ್ದಾನೋ ಎಂಬಂತೆ ಉಸಿರಾಟ ಕೇಳಿಸಿತು. ಹುಸ್... ಹುಸ್... ಹುಸ್...

“ಅದನ್ನ ಬಂದ್ ಮಾಡ್ರೀ,” ಎಂದಳು ಮಾಳವ್ವ. ನಾನು ಎದ್ದಾಗ, “ಬ್ಯಾಡ, ಇರ್ಲಿ ಬಿಡ್ರಿ,” ಎಂದಳು.

ಅದು ಹುಸಿಯುಸಿರಿನ ಪೆಟ್ಟಿಗೆ. ಅದರ ವಿಷಯ ಎರಡು ಮಾತು ಹೇಳಬೇಕು.

ನಮ್ಮ ಸೀಮೆಯಲ್ಲಿ ಬೇಸಗೆ ಬೆಳೆದು, ಚಳಿಗಾಲ ಕುಗ್ಗಿ, ಉಣ್ಣಿಯ ಕಾಟ ವರ್ಷಪೂರ್ತಿ ಆದ ಮೇಲೆ ಸಾಕುನಾಯಿಗಳು ಉಣ್ಣಿಜ್ವರದಿಂದ ಸಾಯತೊಡಗಿದವು. ಮೂಗಿನಲ್ಲಿ ರಕ್ತ, ಬಿಳಿಚಿದ ವಸಡು, ಹತ್ತು ದಿನದಲ್ಲಿ ಮುಗಿಯುತ್ತಿತ್ತು. ಉಣ್ಣಿಗೆ ಕಣ್ಣಿಗಿಂತ ಮೂಗು ಮುಖ್ಯ; ಆ ಮೂಗು ಅದರ ಮುಂಗಾಲಿನ ತುದಿಯಲ್ಲಿದೆ. ಗೋಡೆಯ ಬಿರುಕಿನಲ್ಲಿ ಕುಳಿತು ಕಾಲೆತ್ತಿ, ನಾಯಿಯ ಉಸಿರಿನ ಬಿಸಿಯನ್ನೂ ಅದರ ಅನಿಲವನ್ನೂ ಹಿಡಿದು ಬರುತ್ತದೆ. ಹಾಗಾದರೆ ಗೋಡೆಯೇ ನಾಯಿಯಂತೆ ಉಸಿರಾಡಿದರೆ? ಈ ಒಂದು ಪ್ರಶ್ನೆಯಿಂದ ಆ ಪೆಟ್ಟಿಗೆ ಹುಟ್ಟಿತು. ಅಂಗೈಯಗಲದ ಡಬ್ಬಿ. ನಾಯಿಯ ಉಸಿರನ್ನೇ ಹೋಲುವ ಬೆಚ್ಚನೆಯ ಗಾಳಿ ಬಿಡುತ್ತದೆ; ಆರು ಅಡಿಯೊಳಗಿನ ಉಣ್ಣಿ ಮೋಸಹೋಗಿ ಒಳಗೆ ಬಂದು ಅಂಟಿಗೆ ಸಿಕ್ಕುತ್ತದೆ. ಡಬ್ಬಿ ಅದನ್ನು ಎಣಿಸಿ, ರೋಗದ ಅಂಶ ಉಂಟೇ ಎಂದು ನೋಡಿ, ಜಿಲ್ಲೆಯ ಮುನ್ಸೂಚನಾ ಕೇಂದ್ರಕ್ಕೆ ತಿಳಿಸುತ್ತದೆ. ಕೇಂದ್ರದವರು ಅದಕ್ಕೆ ಬಿಸಿಲು, ತೇವ, ಬೀದಿನಾಯಿಗಳ ಓಡಾಟ ಎಲ್ಲ ಕೂಡಿಸಿ ಪ್ರತಿ ಬೆಳಿಗ್ಗೆ ಉಣ್ಣಿ ನಕ್ಷೆ ಕಳುಹಿಸುತ್ತಾರೆ. ಬಿಳಿ ಮನೆಗೆ ಭಯವಿಲ್ಲ, ಹಳದಿ ಮನೆಗೆ ಎಚ್ಚರ, ಕೆಂಪು ಮನೆಗೆ ಕೂಡಲೇ ಔಷಧ.

ಮೊದಮೊದಲು ಊರಿನ ನಾಯಿಗಳೆಲ್ಲ ಡಬ್ಬಿಗೆ ಗುರುಗುಟ್ಟಿದವು. ಜನರು ನಕ್ಕರು. ಆಮೇಲೆ ಹವಾಮಾನ ನೋಡುವ ಹಾಗೆ ನಕ್ಷೆ ನೋಡಿ ನಾಯಿಯನ್ನು ಹೊರಗೆ ಬಿಡುವುದು ಎಲ್ಲರಿಗೂ ರೂಢಿಯಾಯಿತು. ಎರಡು ವರ್ಷದಲ್ಲಿ ಮೂರು ಜಿಲ್ಲೆಗಳಲ್ಲಿ ಉಣ್ಣಿಜ್ವರ ಅರ್ಧಕ್ಕೆ ಇಳಿದಿತ್ತು.

ನಮ್ಮ ಊರಿನಲ್ಲಿ ಮಾತ್ರ ನಕ್ಷೆ ಸೋತಿತು. ತುಪ್ಪಣ್ಣ ಮೂಗಿನಿಂದ ರಕ್ತ ಸೋರಿಸಿದ ದಿನವೂ ನಮ್ಮ ಮನೆ ಹಾಲಿನಂತೆ ಬೆಳ್ಳಗಿತ್ತು.

ಬುಧವಾರ ರುಬೀನಾ ನನ್ನನ್ನು ಕೇಂದ್ರಕ್ಕೆ ಕರೆದುಕೊಂಡು ಹೋದಳು. ಗೋಡೆಯಷ್ಟು ದೊಡ್ಡ ನಕ್ಷೆಯ ಮುಂದೆ ನಾಲ್ಕೈದು ಜನ ಕುಳಿತಿದ್ದರು. ರುಬೀನಾ ನಮ್ಮ ಊರನ್ನು ದೊಡ್ಡದು ಮಾಡಿ ತೋರಿಸಿದಳು.

“ಈ ವರ್ಷ ಒಂಬತ್ತು ಮನಿ ಸರ್. ಐದು ನಾಯಿ ಸತ್ತಾವು, ನಾಕು ಉಳಿದಾವು. ಒಂದು ಮನಿ ಕ್ವಾಟಿ ಓಣ್ಯಾಗ, ಮುಂದಿಂದು ಹೊಳಿ ದಂಡ್ಯಾಗ. ಒಂದಕ್ಕೊಂದು ಹತ್ತಿಕೊಂಡಿಲ್ಲ. ಡಬ್ಬಿ ಎಲ್ಲಾ ಕಡೆ ಬಿಳಿ ಅಂತೈತಿ, ನಾಯಿ ಸಾಯ್ತೈತಿ.”

“ಡಬ್ಬಿ ಕೆಟ್ಟಿರಬೇಕು.”

“ನಮ್ಮ ದೊಡ್ಡ ಸಾಹೇಬರೂ ಹಂಗ ಅಂತಾರ. ಆದರ ಇಲ್ಲಿ ನೋಡ್ರಿ, ತಾರೀಖು.” ಅವಳು ಬೆರಳಿಟ್ಟಳು. “ಮೂರು ವಾರಕ್ಕ ಒಂದು ಮನಿ. ಹೆಚ್ಚಿಲ್ಲ, ಕಡಿಮಿಲ್ಲ. ಮಳಿ ಹಿಂಗ ದಿನ ಹಿಡದು ಬರೂದಿಲ್ಲ ಸರ್. ಬೀದಿನಾಯಿ ಕ್ಯಾಲೆಂಡರ್ ನೋಡಿ ಅಡ್ಡಾಡೂದಿಲ್ಲ. ಇದು ಮನಶ್ಯಾರ ಕೆಲಸ. ನಿಮ್ಮ ಮನಿಗೆ ಮೂರು ವಾರಕ್ಕೊಮ್ಮೆ ಯಾರರ ಬರ್ತಾರೇನು?”

ನಾನು ಯೋಚಿಸಿದೆ. ಹಾಲಿನವನು ದಿನಾ ಬರುತ್ತಾನೆ, ಕ್ಷೌರದವನು ತಿಂಗಳಿಗೊಮ್ಮೆ. “ಯಾರೂ ಇಲ್ಲವ್ವಾ,” ಎಂದೆ.

“ನಾಯಿ ಹಾಸಿಗಿ?”

“ಗೋಣಿಚೀಲ. ಫಾರ್ಮಿನ್ಯಾಗ ಬರದೀನಲ್ಲ.”

ಆ ಫಾರ್ಮುಗಳನ್ನು ತುಂಬಿದವನು ನಾನೇ. ಡಬ್ಬಿ ಕೊಡುವಾಗ ಪ್ರತಿ ಮನೆಗೂ ಮೂವತ್ತು ಪ್ರಶ್ನೆಯ ಫಾರ್ಮು ಬಂದಿತ್ತು. ಅಕ್ಷರ ದುಂಡಗಿದೆಯೆಂದು ನಮ್ಮ ಹದಿನೇಳು ಗೊರವರ ಮನೆಯವರೂ ನನ್ನ ಹತ್ತಿರವೇ ಬರೆಸಿದ್ದರು. ಎಲ್ಲದರಲ್ಲೂ ಗೋಣಿಚೀಲ ಎಂದೇ ಬರೆದಿದ್ದೆ.

ರುಬೀನಾ ನಿಟ್ಟುಸಿರು ಬಿಟ್ಟಳು. “ನಮ್ಮಜ್ಜ ಹತ್ತಿ ಹಿಂಜಿ ಗಾದಿ ಹೊಲಿಯಾಂವ. ಮನಿ ಗುಟ್ಟು ಗಾದ್ಯಾಗ ಇರ್ತೈತಿ ಅಂತಿದ್ದ. ಹಾಸಿಗ್ಯಾಗ ಸಿಗ್ತೈತಿ ಅಂದ್ಕೊಂಡಿದ್ದೆ. ಸಿಗಲಿಲ್ಲ.”

ಗುರುವಾರ ಬೆಳಿಗ್ಗೆ ಗುತ್ತೆವ್ವನ ಮನೆಗೆ ಹೋದೆ. ಗುತ್ತೆವ್ವ ನನಗಿಂತ ಎರಡು ವರ್ಷ ಹಿರಿಯಳು. ಕಣ್ಣು ಹೋಗಿ ಹನ್ನೊಂದು ವರ್ಷವಾಯಿತು. ಅವಳ ನಾಯಿ ಕೆಂಚಿ, ನಮ್ಮ ತುಪ್ಪಣ್ಣನ ಒಡಹುಟ್ಟಿದವಳು. ಕೊರಳಿಗೆ ಒಂದು ಹಗ್ಗ, ಹಗ್ಗದ ತುದಿ ಗುತ್ತೆವ್ವನ ಕೈಯಲ್ಲಿ. ಅಂಗಡಿ, ಬಾವಿ, ಗುಡಿ, ಎಲ್ಲಿಗೂ ಕೆಂಚಿಯೇ ದಾರಿ. ಅಣ್ಣ ಸತ್ತ ಸುದ್ದಿಯನ್ನು ತಂಗಿಯ ಮನೆಗೆ ನಾನೇ ಮುಟ್ಟಿಸಬೇಕೆಂದು ಹೋಗಿದ್ದೆ.

ಗುತ್ತೆವ್ವ ಕೇಳಿ, ಕೆಂಚಿಯ ತಲೆ ಸವರಿದಳು.

“ನಿಮ್ಮ ದುಃಖದಾಗ ಕೇಳಬಾರದು ಮಾಸ್ತರ. ಆದರ ಮೂರು ವಾರ ಆತು. ಐತಾರ ಕಂಬಳಿ ನಮ್ಮನಿಗೆ ಬರಬೇಕಲ್ಲ? ನೀವು ಸೂತಕ ಅಂದ್ರ ಬ್ಯಾರೆ ಮಾತು.”

“ಬರ್ತೈತಿ ಗುತ್ತೆಕ್ಕ,” ಎಂದು ಹೇಳಿದವನು ಅಲ್ಲಿಯೇ ನಿಂತುಬಿಟ್ಟೆ.

ಕಂಬಳಿ ಎಂದರೆ ನಮ್ಮ ಹದಿನೇಳು ಮನೆಗಳಿಗೆ ಒಂದೇ ಇರುವ ಸ್ವಾಮಿಯ ಕರಿಯ ಕಂಬಳಿ. ಮೂರು ವಾರಕ್ಕೊಂದು ಮನೆ, ವರ್ಷಕ್ಕೊಂದು ಸುತ್ತು. ಭಾನುವಾರ ಅದನ್ನು ಪಡಸಾಲೆಯಲ್ಲಿ ಹಾಸಿ, ಭಂಡಾರ ಎಂದರೆ ಅರಿಸಿನದ ಪುಡಿ ಚೆಲ್ಲಿ, ನಡುವೆ ಮನೆಯ ನಾಯಿಯನ್ನು ಕೂರಿಸಿ, ದೋಣಿ ಎಂದು ಕರೆಯುವ ಮರದ ಬಟ್ಟಲಿನಲ್ಲಿ ಹಾಲು ಬಾಳೆಹಣ್ಣು ಇಡುತ್ತೇವೆ. ಆಮೇಲೆ ಕಂಬಳಿಯನ್ನು ಮಡಿಸಿ ದೇವರ ಕೋಣೆಯ ಗೂಟಕ್ಕೆ ಹಾಕಿ ಬಾಗಿಲು ಮುಚ್ಚಿದರೆ ಮುಂದಿನ ಸರದಿಯವರೆಗೆ ಬಿಚ್ಚುವುದಿಲ್ಲ. ಭಂಡಾರ ಬಿದ್ದ ಕಂಬಳಿಗೆ ನೀರು ಮುಟ್ಟಿಸುವುದಿಲ್ಲ. ನನ್ನ ಅಜ್ಜನ ಕಾಲದಿಂದ ಅದನ್ನು ಒಗೆದಿಲ್ಲ.

ಅಲ್ಲಿಯೇ ನಿಂತು ಮನಸ್ಸಿನಲ್ಲಿ ಸರದಿ ಹೇಳಿಕೊಂಡೆ. ಮೊದಲು ಕೋಟೆ ಓಣಿಯ ಬರಮಪ್ಪ, ಆಮೇಲೆ ಹೊಳೆಯ ದಂಡೆಯ ಮನೆ, ಆಮೇಲೆ ಪೇಟೆಯ ಹಿಂದಿನದು. ಒಂಬತ್ತನೆಯದು ನನ್ನದು. ಹತ್ತನೆಯದು ಗುತ್ತೆವ್ವನದು. ನಕ್ಷೆಯ ಮೇಲೆ ರುಬೀನಾಳ ಬೆರಳು ನಡೆದ ದಾರಿ ಅದೇ ಆಗಿತ್ತು.

ನನಗೆ ಸುಳ್ಳು ಹೇಳುವ ಉದ್ದೇಶ ಇರಲಿಲ್ಲ. ಸ್ವಾಮಿಯ ಕಂಬಳಿ ನನ್ನ ಮನಸ್ಸಿನಲ್ಲಿ ವಸ್ತುಗಳ ಸಾಲಿನಲ್ಲಿ ಇರಲೇ ಇಲ್ಲ. ಹಾಸಿಗೆ ಯಾವುದು ಎಂದು ಫಾರ್ಮು ಕೇಳಿತು. ದೇವರ ಪೀಠವನ್ನು ಹಾಸಿಗೆ ಎಂದು ಯಾವ ಭಕ್ತ ಬರೆದಾನು?

ವಿಷಯ ತಿಳಿಸಿ ಕರೆದದ್ದಕ್ಕೆ ಮಧ್ಯಾಹ್ನ ರುಬೀನಾ ಬಂದಳು. ನಾನು ಮೂಲೆಯ ಡಬ್ಬಿಯನ್ನು ಎತ್ತಿಕೊಂಡೆ. ಕೈಯಲ್ಲಿ ಅದು ಬೆಚ್ಚಗೆ ಉಸಿರಾಡುತ್ತಿತ್ತು. ದೇವರ ಕೋಣೆಯ ಹೊಸ್ತಿಲಲ್ಲಿ ಮಾಳವ್ವ ಅಡ್ಡ ನಿಂತಳು.

“ದೇವರ ಮನ್ಯಾಗ ಯಂತ್ರ ಬ್ಯಾಡ್ರಿ.”

ನಾನು ಡಬ್ಬಿಯನ್ನು ಅವಳ ಮುಂದೆ ಹಿಡಿದೆ. ಅವಳು ಡಬ್ಬಿಗೆ ಕಿವಿಯಿಟ್ಟು ಕೇಳಿದಳು. ಸೆರಗಿನಿಂದ ಕಣ್ಣೊರಸಿಕೊಂಡು ಬದಿಗೆ ಸರಿದಳು. “ಹೋಗ್ರಿ. ನಾಯಿ ಉಸುರು ಆ ಸ್ವಾಮಿಗೇನು ಹೊಸಾದಲ್ಲ.”

ಕಂಬಳಿಯನ್ನು ಗೂಟದಿಂದ ಇಳಿಸಲಿಲ್ಲ. ಅದರ ಕೆಳಗೆ ಡಬ್ಬಿ ಇಟ್ಟು, ರುಬೀನಾ ಕೊಟ್ಟ ಔಷಧದ ಸುಣ್ಣದಿಂದ ಸುತ್ತಲೂ ಗೆರೆ ಎಳೆದು, ಹೊಸ್ತಿಲಾಚೆ ಕುಳಿತೆವು. ಡಬ್ಬಿಯ ಮೇಲಿನ ಅಂಕಿ ಸೊನ್ನೆ. ಕಾಲು ಗಂಟೆಯಾಯಿತು, ಸೊನ್ನೆಯೇ. ನನ್ನ ಮನಸ್ಸು ಎರಡು ಹೋಳಾಗಿತ್ತು. ಸೊನ್ನೆಯೇ ಇರಲಿ, ಸ್ವಾಮಿಯ ಕಂಬಳಿ ನಿರ್ದೋಷಿ ಎಂದಾಗಲಿ ಎಂದು ಒಂದು ಹೋಳು. ಕೆಂಚಿ ಉಳಿಯಲಿ ಎಂದು ಇನ್ನೊಂದು.

“ಸರ್,” ಎಂದು ರುಬೀನಾ ನನ್ನ ತೋಳು ಹಿಡಿದಳು.

ಕರಿಯ ಮಡಿಕೆಯ ತುದಿಯಿಂದ ಎಳ್ಳಿನಂಥದ್ದೊಂದು ಕೆಳಗಿಳಿಯಿತು. ಅದರ ಹಿಂದೆ ಮತ್ತೊಂದು. ಅಂಕಿ ಒಂದಾಯಿತು, ನಾಲ್ಕಾಯಿತು, ಹತ್ತೊಂಬತ್ತಾಯಿತು. ಒಂದು ಗಂಟೆಯಲ್ಲಿ ನೂರಾ ಹನ್ನೆರಡು. ರುಬೀನಾಳ ಫೋನಿನಲ್ಲಿ ನಮ್ಮ ಮನೆ ಬಿಳಿಯಿಂದ ಹಳದಿಗೆ, ಹಳದಿಯಿಂದ ಕುಂಕುಮದ ಕೆಂಪಿಗೆ ತಿರುಗಿತು. ತುಪ್ಪಣ್ಣನ ರಕ್ತದಲ್ಲಿದ್ದ ರೋಗವೇ ಅವುಗಳಲ್ಲಿಯೂ ಇತ್ತು.

ಅವಳು ವಿವರಿಸಿದಳು. ವರ್ಷದ ಮೊದಲಿಗೆ ಯಾವುದೋ ಕಾಯಿಲೆಯ ನಾಯಿಯಿಂದ ರಕ್ತ ಕುಡಿದ ಮರಿ ಉಣ್ಣಿಗಳು ಕಂಬಳಿಯ ಮೇಲೆ ಉದುರಿವೆ. ಬೆಚ್ಚನೆಯ ಮಡಿಕೆಯಲ್ಲಿ ಎರಡು ಮೂರು ವಾರ ಇದ್ದು ಪೊರೆ ಕಳಚಿ, ಹಸಿದು, ಮುಂದಿನ ಮನೆಯ ನಾಯಿ ಕುಳಿತಾಗ ಏರಿವೆ. ಅದರ ರಕ್ತ ಕುಡಿದು ಹೊಟ್ಟೆ ತುಂಬಿದ ಹೊಸ ಮರಿಗಳು, ಡಬ್ಬಿಯ ಉಸಿರಿಗೆ ಬಾರದೆ, ಗೋಡೆಯ ಬಿರುಕು ಹಿಡಿದು ಮತ್ತೆ ಕಂಬಳಿಗೆ. ನಮ್ಮ ಸರದಿಗೂ ಅವುಗಳ ಬೆಳವಣಿಗೆಗೂ ತಾಳ ಕೂಡಿತ್ತು. ಡಬ್ಬಿ ಪಡಸಾಲೆಯಲ್ಲಿ, ಉಣ್ಣಿ ಮುಚ್ಚಿದ ಬಾಗಿಲ ಹಿಂದೆ.

“ಕೂಡು ತುಪ್ಪಣ್ಣ ಅಂತ ಕೂಡಿಸಿದಾಂವ ನಾನ ರುಬೀನಾ,” ಎಂದೆ. “ಅಂವ ಏಳಾಕ ಹತ್ತಿದ್ದ. ಹೆಗಲ ಮ್ಯಾಲೆ ಕೈಯಿಟ್ಟು ಕೂಡಿಸಿದೆ.”

“ಫಾರ್ಮಿನ ಪ್ರಶ್ನಿ ಬರದಾಕಿ ನಾನ ಸರ್. ಎಲ್ಲಿ ಮಲಗ್ತೈತಿ ಅಂತ ಕೇಳಿದೆ, ಎಲ್ಲಿ ಕೂಡ್ತೈತಿ ಅಂತ ಕೇಳಲಿಲ್ಲ. ಗಾದಿ ಹೊಲಿಯೋರ ಮನಿ ಮಗಳು, ನನಗ ಹೊಳೀಬೇಕಿತ್ತು.” ಫೋನನ್ನು ಕೆಳಗಿಟ್ಟು, “ಇನ್ನ ಮೂರು ದಿನ ಐತಿ. ಕೆಂಚಿ ಅದರ ಮ್ಯಾಲೆ ಕುಂತಿಲ್ಲ,” ಎಂದಳು.

ಶುಕ್ರವಾರ ಹದಿನೇಳು ಮನೆಯ ಹಿರಿಯರೂ ನಮ್ಮ ಪಡಸಾಲೆಯಲ್ಲಿ ಸೇರಿದರು. ಹಿರಿಯ ಗೊರವ ಬರಮಪ್ಪ ಬಾಗಿಲ ಹತ್ತಿರವೇ ಕುಳಿತ. ಮೆಣಸಿನಕಾಯಿಯ ವ್ಯಾಪಾರಿ, ದೊಡ್ಡ ದನಿಯವನು. ನಾನು ನಡೆದದ್ದನ್ನೆಲ್ಲ ಹೇಳಿದೆ.

“ನಿನಗ ತಲಿ ಕೆಟ್ಟೈತಿ ಹಾಲಪ್ಪ,” ಎಂದ ಬರಮಪ್ಪ. “ನಾಯಿ ಹೋದ ಸಂಕಟದಾಗ ದೇವರ ಮ್ಯಾಲೆ ತಕರಾರು ತಗದಿ. ನೀರಿಗೆ ಹಾಕ್ತಿಯೇನು ಸ್ವಾಮಿ ಕಂಬಳಿ?”

“ಹಾಕ್ತೀನಿ. ಪಾಪ ಬಂದ್ರ ನನಗಿರ್ಲಿ. ಐದು ನಾಯಿ ಸತ್ತಾವು. ಅದರಾಗ ಮೊದಲ ಹೋದದ್ದು ನಿಂದ ಅಲ್ಲೇನು? ಆರನೇದನ್ನ ನಾನು ಕೂಡಿಸೂದಿಲ್ಲ.”

ಆಗ, ಮಾಳವ್ವನ ಪಕ್ಕ ಕುಳಿತಿದ್ದ ರುಬೀನಾ ಎದ್ದು ನಿಂತಳು.

“ನೀರು ಬ್ಯಾಡ್ರೀ ಕಾಕಾ. ನೀರಿಂದ ಏನೂ ಆಗೂದಿಲ್ಲ. ಒಂದು ದಿನ ಮುಳುಗಿಸಿಟ್ರೂ ಉಣ್ಣಿ ಬದುಕ್ತಾವು. ಅವಕ್ಕ ಒಣ ಶಾಖ ಬೇಕು. ಅರವತ್ತು ಡಿಗ್ರಿ, ನಾಕು ತಾಸು, ಗಾಳಿ ತಿರಗೂವಂಥಾ ಕ್ವಾಣಿ. ನಮ್ಮ ಕೇಂದ್ರದಾಗ ಅಷ್ಟು ದೊಡ್ಡ ಪೆಟ್ಟಿಗಿ ಇಲ್ಲ, ಅದ ಚಿಂತಿ.”

ಎಲ್ಲರೂ ತಿರುಗಿ ಬರಮಪ್ಪನ ಮುಖ ನೋಡಿದರು.

“ಏನು?” ಎಂದ ಅವನು. ಆಮೇಲೆ ತೊಡೆ ತಟ್ಟಿಕೊಂಡ. “ಹೌದಲೇ! ನನ್ನ ಮೆಣಸಿನಕಾಯಿ ಒಣಗಸೂ ಕ್ವಾಣಿ ಐತಲ್ಲ! ಅರವತ್ತೇನು, ಅರವತ್ತೈದರ ತನಕ ಹೋಗ್ತೈತಿ!” ರುಬೀನಾಳ ಕಡೆ ತಿರುಗಿ, “ಕಂಬಳಿಗೆ ನೀರು ಮುಟ್ಟೂದಿಲ್ಲ ಅಂತ ಮಾತು ಕೊಡವಾ,” ಎಂದ.

“ಒಂದು ಹನಿ ಮುಟ್ಟೂದಿಲ್ಲ ಕಾಕಾ.”

“ಭಂಡಾರ?”

“ಹಂಗ ಇರ್ತೈತಿ.”

“ಹಂಗಾರ ನಾಳೆ ನಾನ ಹೊತಗೊಂಡು ಹೋಗ್ತೀನಿ,” ಎಂದು ಎದ್ದ ಬರಮಪ್ಪ. “ಹಿಂಗ ಮೊದಲ ಹೇಳಬಾರದೇನು ಹಾಲಪ್ಪ? ಸುಮ್ಮನ ನನ್ನ ಕಡಿಂದ ಒದರಸ್ತಿ.”

ಶನಿವಾರ ಬೆಳಿಗ್ಗೆ ಕಂಬಳಿಯನ್ನು ಬಿಗಿಯಾದ ಚೀಲದಲ್ಲಿ ಹಾಕಿ ಬರಮಪ್ಪ ತಲೆಯ ಮೇಲೆ ಹೊತ್ತು ನಡೆದ. ಒಣಗಿಸುವ ಕೋಣೆಯಲ್ಲಿ ಕಬ್ಬಿಣದ ತಟ್ಟೆಗಳನ್ನು ತೆಗೆದು, ಸ್ವಾಮಿಯ ಕಂಬಳಿಯನ್ನು ಬಿಡಿಸಿ ತೂಗುಹಾಕಿದೆವು. ಅತ್ತ ಒಂಬತ್ತು ಮನೆಗಳ ದೇವರ ಕೋಣೆಗಳಲ್ಲಿ ರುಬೀನಾಳ ಜನ ಗೋಡೆಯ ಬಿರುಕು ಮುಚ್ಚಿ ಔಷಧ ಹೊಡೆದರು. ಹದಿನೇಳು ಮನೆಗಳಲ್ಲಿ ಉಳಿದಿದ್ದ ನಾಯಿಗಳಿಗೆಲ್ಲ ಗುಳಿಗೆ ಕೊಟ್ಟರು. ನಾಲ್ಕು ತಾಸು ನಾನು ಕೋಣೆಯ ಹೊರಗೆ ಕುಳಿತು ಜಪ ಮಾಡಿದೆ. ಬಾಗಿಲು ತೆಗೆದಾಗ ಬಿಸಿ ಗಾಳಿಯ ಜತೆ ಘಾಟು ಹೊರಬಂತು. ರುಬೀನಾ ಕಂಬಳಿಯ ಕೆಳಗೆ ಮೂರು ಹೊಸ ಡಬ್ಬಿ ಇಟ್ಟಳು. ಹುಸ್, ಹುಸ್, ಹುಸ್. ಎರಡು ಗಂಟೆ ಕಳೆದರೂ ಮೂರರಲ್ಲಿಯೂ ಸೊನ್ನೆ. ಅಷ್ಟು ಚೆಲುವಾದ ಅಂಕಿಯನ್ನು ನನ್ನ ಮೂವತ್ತೈದು ವರ್ಷದ ಮಾಸ್ತರಿಕೆಯಲ್ಲಿ ನಾನು ಬೋರ್ಡಿನ ಮೇಲೆ ಬರೆದಿರಲಿಲ್ಲ.

ಭಾನುವಾರ ಗುತ್ತೆವ್ವನ ಪಡಸಾಲೆಯಲ್ಲಿ ಕಂಬಳಿ ಹಾಸಿದೆವು. ಭಂಡಾರ ಚೆಲ್ಲಿದೆವು. ಕೆಂಚಿ ನಡುವೆ ಬಂದು ನಿಂತು, ಮೂಗನ್ನು ಕಂಬಳಿಗೆ ತಾಗಿಸಿದಳು. ಮೂಸಿದಳು. ಮುಖ ಸೊಟ್ಟ ಮಾಡಿ ಒಂದು ಸೀನು ಸೀನಿದಳು, ಎರಡು ಸೀನಿದಳು, ಮೂರನೆಯ ಸೀನಿಗೆ ಹಾಲಿನ ದೋಣಿಯೇ ಅಲುಗಿತು.

“ಯಾಕ, ಏನಾತು ನನ್ನ ಕೂಸಿಗೆ?” ಎಂದು ಗಾಬರಿಯಾದಳು ಗುತ್ತೆವ್ವ.

“ಏನಿಲ್ಲ ಗುತ್ತೆಕ್ಕ,” ಎಂದೆ. “ಸ್ವಾಮಿ ಕಂಬಳಿ ಬರಮಪ್ಪನ ಮೆಣಸಿನಕಾಯಿ ನಾರಾಕ ಹತ್ತೈತಿ.” ಅಷ್ಟರಲ್ಲಿ ನನಗೂ ಸೀನು ಬಂತು. ಮಾಳವ್ವನಿಗೆ ಬಂತು. ಹಾಡಲು ಕುಳಿತ ಗೊರವರೆಲ್ಲ ಡಮರುಗ ಕೆಳಗಿಟ್ಟು ಸೀನಿದರು. ಬರಮಪ್ಪ ಮಾತ್ರ ಹೆಮ್ಮೆಯಿಂದ ಕುಳಿತಿದ್ದ.

“ಊರಾಗ ಖಾರದ ಕಂಬಳಿ ಇರೂ ದೇವರು ನಮ್ಮಾಂವ ಒಬ್ಬನ ನೋಡ್ರಿ,” ಎಂದ. ಗುತ್ತೆವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕೆಂಚಿ ಕುಳಿತಳು. ಹಾಲು ಕುಡಿದಳು. ಏಳುಕೋಟಿ ಎಂಬ ಸ್ವಾಮಿಯ ಜಯಘೋಷ ಓಣಿಯ ತುದಿಯವರೆಗೆ ಕೇಳಿತಂತೆ.

ಮೂರು ವಾರ ನಾನು ದಿನಾ ಬೆಳಿಗ್ಗೆ ಹೋಗಿ ಕೆಂಚಿಯ ವಸಡು ನೋಡಿದೆ. ದಿನಾ ಅದು ದಾಳಿಂಬೆ ಕಾಳಿನಂತಿತ್ತು. ಇಪ್ಪತ್ತೊಂದನೆಯ ದಿನ ಅವಳೇ ಹಗ್ಗ ಹಿಡಿಸಿ ಗುತ್ತೆವ್ವನನ್ನು ನಮ್ಮ ಮನೆಗೆ ಕರೆತಂದಳು. ಗುತ್ತೆವ್ವನ ಮನೆಯಿಂದ ಹನ್ನೊಂದನೆಯದಕ್ಕೆ, ಹನ್ನೆರಡನೆಯದಕ್ಕೆ, ಕೊನೆಗೆ ಹದಿನೇಳನೆಯದಕ್ಕೆ ಕಂಬಳಿ ಹೋಯಿತು. ಪ್ರತಿ ಸರದಿಗೆ ಮುಂಚಿನ ಶನಿವಾರ ಬರಮಪ್ಪನ ಕೋಣೆ ಕಾಯಿತು. ಒಂದು ನಾಯಿಗೂ ಜ್ವರ ಬರಲಿಲ್ಲ.

ರುಬೀನಾ ಫಾರ್ಮಿನಲ್ಲಿ ಮೂವತ್ತೊಂದನೆಯ ಪ್ರಶ್ನೆ ಸೇರಿಸಿದಳು: ‘ನಿಮ್ಮ ಊರಿನಲ್ಲಿ ಮನೆಯಿಂದ ಮನೆಗೆ ಹೋಗುವುದು ಯಾವುದು? ದೇವರದಾದರೂ ಬರೆಯಿರಿ.’ ಉತ್ತರಗಳು ಬಂದವು. ಒಂದು ಊರಿನಲ್ಲಿ ಮದುವೆಯ ಜಮಖಾನೆ, ಇನ್ನೊಂದರಲ್ಲಿ ಬೇಟೆಯ ಬಲೆ, ಮತ್ತೊಂದರಲ್ಲಿ ಬಾಣಂತಿಗೆ ಕೊಡುವ ಹಚ್ಚಡ. ಕೇಂದ್ರದ ನಕ್ಷೆಯಲ್ಲಿ ಮಳೆ, ಬಿಸಿಲು, ಬೀದಿನಾಯಿಯ ಜತೆ ಜನರ ಕೊಡುಕೊಳೆಯ ಗೆರೆಗಳೂ ಮೂಡಿದವು. ಮರುವರ್ಷ ಒಂದು ಸೋಮವಾರ ಬೆಳಿಗ್ಗೆ ಮೂರು ಜಿಲ್ಲೆಯ ನಕ್ಷೆ ಒಂದು ಕೆಂಪು ಚುಕ್ಕೆಯೂ ಇಲ್ಲದೆ ಬಂತು. ಕೇಂದ್ರದಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಡಬ್ಬಿಗಳೇ ಕೆಟ್ಟಿವೆ ಎಂದಿದ್ದ ದೊಡ್ಡ ಸಾಹೇಬರೇ ಮೊದಲು ತಟ್ಟಿದರೆಂದು ರುಬೀನಾ ಫೋನಿನಲ್ಲಿ ಹೇಳುತ್ತ ಅತ್ತಳು, ನಕ್ಕಳು.

“ಸರ್, ಇನ್ನೊಂದು ಮಾತು,” ಎಂದಳು. “ನಿಮ್ಮನ್ಯಾಗ ಈಗ ನಾಯಿ ಇಲ್ಲ. ನಿಯಮದ ಪ್ರಕಾರ ಡಬ್ಬಿ ವಾಪಸ್ ತಗೋಬೇಕು. ನಾನಂತೂ ಕೇಳೂದಿಲ್ಲ.”

ಮಾಳವ್ವ ನನ್ನ ಕೈಯಿಂದ ಫೋನು ತೆಗೆದುಕೊಂಡು, “ಕೇಳಬ್ಯಾಡವಾ,” ಎಂದಳು.

ಈಗ ಸಂಜೆ ದೀಪ ಹಚ್ಚಿದ ಹೊತ್ತು. ದೇವರ ಕೋಣೆಯ ಬಾಗಿಲನ್ನು ನಾವು ಮುಚ್ಚುವುದಿಲ್ಲ. ಹೊಸ್ತಿಲ ಪಕ್ಕದಲ್ಲಿ ಡಬ್ಬಿ ಉಸಿರಾಡುತ್ತಿದೆ. ಅದರ ಅಂಕಿ ಸೊನ್ನೆ. ಕಂಬಳಿ ಒಂದು ಸುತ್ತು ಮುಗಿಸಿ ಮತ್ತೆ ನಮ್ಮ ಗೂಟಕ್ಕೆ ಬಂದಿದೆ, ಇನ್ನೂ ಸ್ವಲ್ಪ ಖಾರದ ವಾಸನೆಯಿದೆ. ಅದರ ಮುಂದೆ ಕೈಮುಗಿದು ದಿನವೂ ಕೇಳುವುದನ್ನು ಇವತ್ತೂ ಕೇಳುತ್ತೇನೆ.

ಸ್ವಾಮೀ ಮೈಲಾರಲಿಂಗಾ, ನಿನ್ನ ಕಂಬಳಿಯ ಮೇಲೆ ನಾನು ಕೂರಿಸಿದ ಜೀವವನ್ನು ನಿನ್ನ ಮಡಿಲಿಗೆ ತೆಗೆದುಕೊ. ಏಳಲು ಹೊರಟಾಗ ತಡೆದ ಈ ಕೈಯನ್ನು ಅವನು ಕ್ಷಮಿಸುವಂತೆ ಮಾಡು. ನಿನ್ನ ದಂಡಿನಲ್ಲಿ ಅವನಿಗೊಂದು ಜಾಗ, ನಿನ್ನ ಕಂಬಳಿಯಲ್ಲಿ ಬೆಚ್ಚನೆಯ ಒಂದು ಮೂಲೆ ಕೊಡು. ನಿನ್ನ ಎಡೆಯಲ್ಲಿ ಅವನ ಪಾಲನ್ನು ಮೊದಲು ಇಡು. ಅವನಿಗೆ ಹಾಗೆಯೇ ರೂಢಿ. ನಮ್ಮ ತುಪ್ಪಣ್ಣ ನೋವಿಲ್ಲದೆ ನಿದ್ದೆ ಮಾಡಲಿ. ಅವನ ಆತ್ಮಕ್ಕೆ ಶಾಂತಿಯಾಗಲಿ.